ಬಿಳಿ ದಾರದ ಬಾಟಲಿ

ಮೊಳೆಗೆ ನೇತುಹಾಕಿದ್ದ ಅಪ್ಪನ ಪ್ಯಾಂಟಿನ ಜೇಬುಗಳನ್ನು ಮಗಳು ಒಂದೊಂದಾಗಿ ಹೊರಗೆಳೆದು ತಡಕುತ್ತಿದ್ದಾಗ ದೊಡ್ಡಪ್ಪ ಬಾಗಿಲಲ್ಲಿ ಬಂದು ನಿಂತರು.

"ಏನು ಹುಡುಕ್ತಾ ಇದ್ದೀಯ?"

"ಲ್ಯಾಬಿನ ಬೀಗದ ಕೈ."

"ನಿಮ್ಮಪ್ಪ ಅಲ್ಲಿ ನಡುಮನೇಲಿ ಮಲಗಿದ್ದಾನೆ. ನಿನಗೆ ಲ್ಯಾಬಿನ ಚಿಂತೆ."

ಹಿಂಜೇಬಿನಲ್ಲಿ ಗೊಂಚಲು ಸಿಕ್ಕಿತು. ಅದನ್ನು ಮುಷ್ಟಿಯಲ್ಲಿ ಹಿಡಿದು ಅವಳು ದೊಡ್ಡಪ್ಪನನ್ನು ದಾಟಿ ಹೊರಗೆ ಬಂದಳು.

ನಡುಮನೆಯಲ್ಲಿ ಮಂಚದ ಮೇಲೆ ಮೇಷ್ಟ್ರ ಹೆಣ ಇತ್ತು. ಹಿಂದಿನ ಸಂಜೆ ಲ್ಯಾಬಿನಿಂದ ಬಂದವರು ಚಪ್ಪಲಿ ಬಿಡುತ್ತ ಎದೆ ಹಿಡಿದುಕೊಂಡು ಕೂತಿದ್ದರು, ಏಳಲಿಲ್ಲ. ಊರಿಗೆಲ್ಲ ನಿನ್ನೆ ಮಧ್ಯಾಹ್ನದಿಂದ ಕರೆಂಟಿಲ್ಲ; ಐಸ್ ಕಾರ್ಖಾನೆ ನಿಂತಿದೆ. ಅಲ್ಲಿ ಉಳಿದಿದ್ದ ಐಸನ್ನೆಲ್ಲ ತಂದು, ಸಾಲದ್ದಕ್ಕೆ ಮೀನಿನಂಗಡಿಯವನು ಕೊಟ್ಟದ್ದನ್ನೂ ಸೇರಿಸಿ, ತಗಡಿನ ತಟ್ಟೆಗಳಲ್ಲಿ ಮೈಯ ಸುತ್ತ ಜೋಡಿಸಿದ್ದರು. ಹಾಗಾಗಿ ಮೇಷ್ಟ್ರ ಸುತ್ತ ಸ್ವಲ್ಪ ಮೀನಿನ ವಾಸನೆ ಇತ್ತು. ಯಾರೂ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಮೇಷ್ಟ್ರು ಎದ್ದು ಕೂತಿದ್ದರೆ ಮೊದಲು ಅದನ್ನೇ ಹೇಳುತ್ತಿದ್ದರು.

ಕಾಲೇಜಿನ ಪ್ರಿನ್ಸಿಪಾಲರು ಗೋಡೆಗೆ ಒರಗಿ ಕತ್ತು ಒರೆಸಿಕೊಳ್ಳುತ್ತಿದ್ದರು. ದಪ್ಪ ಮನುಷ್ಯ, ಯಾರಿಗೂ ಇಲ್ಲ ಅನ್ನಲಾರದವರು. ಅದಕ್ಕೇ ಅವರಿಂದ ಒಂದು ಕೆಲಸವೂ ನೆಟ್ಟಗೆ ಆಗುತ್ತಿರಲಿಲ್ಲ.

"ನೋಡಮ್ಮ, ಇವತ್ತಿನ ಪ್ರಾಕ್ಟಿಕಲ್ ಪರೀಕ್ಷೆ ಮುಂದಕ್ಕೆ ಹಾಕೋಣ ಅಂತ. ಮೇಷ್ಟ್ರ ಗೌರವಕ್ಕೆ."

"ಯಾವತ್ತಿಗೆ?"

ಪ್ರಿನ್ಸಿಪಾಲರು ಮತ್ತೆ ಕತ್ತು ಒರೆಸಿಕೊಂಡರು.

"ಹೇಳಿ ಸಾರ್, ಯಾವತ್ತಿಗೆ?"

"ಹಳೇ ಸಿಲಬಸ್ಸಿನವರಿಗೆ ಇವತ್ತೇ ಕಡೇ ದಿನ. ಇದು ತಪ್ಪಿದ್ರೆ ಆ ಹನ್ನೊಂದು ಜನ ಮತ್ತೆ ಮೊದಲಿಂದ ಓದಬೇಕು. ನಾನೇನು ಮಾಡ್ಲಿ? ಹೊರಗಿನ ಪರೀಕ್ಷಕಿ ಆಗಲೇ ಬಂದು ಕೂತಿದ್ದಾರೆ. ಒಳಗಿನ ಪರೀಕ್ಷಕರಿಲ್ಲದೆ ನಡೆಸೋ ಹಾಗಿಲ್ಲ ಅಂತಾರೆ. ಒಳಗಿನವರು ಅಂದ್ರೆ ಇವರೇ." ಅವರು ಮಂಚದ ಕಡೆ ಕೈ ತೋರಿಸಿದರು.

"ನನ್ನ ಹೆಸರು ಬರೀರಿ. ನಾನೂ ಕೆಮಿಸ್ಟ್ರಿ ಪಾಠ ಮಾಡೋಳೇ."

"ಅದೇನೋ ಬರೀಬಹುದು. ಆದ್ರೆ ಇವತ್ತು ನೀನು…"

ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. "ನಾಲ್ಕು ಗಂಟೆಗೆ ಮಣ್ಣು. ಹೆಣ ಮನೇಲಿಟ್ಟುಕೊಂಡು ಮಗಳು ಪರೀಕ್ಷೆ ಮಾಡೋಕೆ ಹೋದಳು ಅಂದ್ರೆ ಜನ ಏನಂತಾರೆ?"

"ಜನ ಬೆಳಗ್ಗೆಯಿಂದ ಅಂತಾನೇ ಇದ್ದಾರೆ ದೊಡ್ಡಪ್ಪ. ಯಾರಿಗೂ ಗಟ್ಟಿಯಾಗಿ ಒಂದು ಮಾತು ಆಡಿದವರಲ್ಲ ಪಾಪ, ಅಂತ ಈಗ ತಾನೇ ಒಬ್ಬರು ಅಂದ್ರು. ಇದೇ ನಡುಮನೇಲಿ ಅಪ್ಪ ಆ ಮನುಷ್ಯನಿಗೆ ಕತ್ತೆ ಅಂದಿದ್ದರು. ನಾನೇ ಕೇಳಿದ್ದೀನಿ."

ತಲೆಯ ಬಳಿ ಕೂತಿದ್ದ ತಾಯಿಯ ತುಟಿ ಸ್ವಲ್ಪ ಅಲುಗಿತು. "ಹೋಗಿ ಬಾ" ಎಂದರು. "ಬರೋವಾಗ ಬೀಗ ಸರಿಯಾಗಿ ಹಾಕು. ಎರಡು ಸಲ ಎಳೆದು ನೋಡು, ಇಲ್ದಿದ್ರೆ ಅವರಿಗೆ ಸಮಾಧಾನ ಇರಲ್ಲ."

*

ಹುಡುಗರು ಮೇಷ್ಟ್ರಿಗೆ ಇಟ್ಟ ಹೆಸರು ಬ್ರೋಮಿನ್. ಬಾಟಲಿಯ ಮುಚ್ಚಳ ತೆಗೆದರೆ ಬ್ರೋಮಿನ್ ಕೆಂಪಗೆ ಹೊಗೆಯಾಡುತ್ತದೆ, ಕಣ್ಣು ಮೂಗು ಉರಿಸುತ್ತದೆ. ಮೇಷ್ಟ್ರೂ ಹಾಗೇ. ಹೆಂಡತಿ ಊಟದ ಡಬ್ಬಿ ಹಿಡಿದು ಲ್ಯಾಬಿನ ಬಾಗಿಲಿಗೆ ಬಂದಾಗ ಮಾತ್ರ ದನಿ ಇಳಿಯುತ್ತಿತ್ತು. "ಬಣ್ಣ ಹೋಯ್ತು ನೋಡ್ರೋ" ಎಂದು ಹಿಂದಿನ ಬೆಂಚಿನವರು ಪಿಸುಗುಟ್ಟುತ್ತಿದ್ದರು. ಕೆಲವು ವಸ್ತುಗಳ ಜೊತೆ ಸೇರಿದರೆ ಬ್ರೋಮಿನ್ನಿನ ಬಣ್ಣ ಮಾಯವಾಗುತ್ತದೆ ಎಂದು ಅವರಿಗೆ ಕಲಿಸಿದವರು ಮೇಷ್ಟ್ರೇ.

ಸೇರುವಾಗ ಯಾವ ಕೆಲಸದಲ್ಲಿದ್ದರೋ ಕೊನೆಯವರೆಗೂ ಅದೇ ಕೆಲಸ. ಬಡ್ತಿಗೆ ಬೇಕಾದ ಒಂದು ಗುಣವೂ ಅವರಲ್ಲಿರಲಿಲ್ಲ. ಇದ್ದದ್ದು ಒಂದೇ ಪಾಠ. ಕೈಗೆ ಕೊಟ್ಟ ವಸ್ತು ಏನೆಂದು ಗೊತ್ತಿಲ್ಲ, ಅದರಲ್ಲಿ ಯಾವ ಕ್ರಿಯಾ ಗುಂಪು ಇದೆ ಎಂದು ಕಂಡುಹಿಡಿಯಬೇಕು.

"ಇಂಗಾಲದ ಸರಪಳಿ ಎಷ್ಟುದ್ದ ಇದೆ ಅಂತ ಬಾಯಿ ಬಿಟ್ಟುಕೊಂಡು ನೋಡ್ಬೇಡಿ" ಎನ್ನುತ್ತಿದ್ದರು. "ನೂರು ಜನ ಇರೋ ಮನೇಲಿ ಜಗಳ ಮಾಡೋರು ಒಬ್ಬರೋ ಇಬ್ಬರೋ. ಮಿಕ್ಕವರು ಸುಮ್ನೆ ಉಂಡು ಮಲಗೋರು. ಆ ಒಬ್ಬರು ಯಾರು ಅಂತ ಗೊತ್ತಾದ್ರೆ ಮನೆ ಹೆಂಗೆ ಅಂತ ಗೊತ್ತಾಯ್ತು. ಅದೇ ಕ್ರಿಯಾ ಗುಂಪು. ಅದನ್ನ ಹೆಂಗೆ ಹಿಡಿಯೋದು? ಕೆಣಕಿ ನೋಡೋದು. ಸೋಡ ಹಾಕಿ ಕೆಣಕು, ನೊರೆ ಬಂದ್ರೆ ಆಸಿಡ್ಡು. ಬರಲಿಲ್ವಾ, ಬರಲಿಲ್ಲ ಅಂತ ಬರಿ."

ಹೋದ ವರ್ಷದ ಪರೀಕ್ಷೆಯಲ್ಲಿ ಈ ಹನ್ನೊಂದು ಜನರೂ ಸರಿಯುತ್ತರ ಬರೆದಿದ್ದರು. ಯಾವ ಬಾಟಲಿಯಲ್ಲಿ ಏನಿದೆ ಎಂಬ ಪಟ್ಟಿಯ ಫೋಟೋ ಮೊದಲೇ ಅವರ ಫೋನುಗಳಲ್ಲಿ ಓಡಾಡಿತ್ತು. ಪ್ರಿನ್ಸಿಪಾಲರು ಕೈ ಮುಗಿದು ಬೇಡಿಕೊಂಡರೂ ಮೇಷ್ಟ್ರು ಹನ್ನೊಂದು ಜನರಿಗೂ ಸೊನ್ನೆ ಹಾಕಿದರು.

ಅವರಲ್ಲಿ ಒಬ್ಬಳು ಔಷಧದಂಗಡಿಯಲ್ಲಿ ಕೆಲಸಕ್ಕಿದ್ದ ಹೆಂಗಸು. ಗಂಡನಿಲ್ಲ, ಒಂದು ಮಗು. ಇದೊಂದು ಪಾಸಾದರೆ ಅಂಗಡಿಯಲ್ಲಿ ಅವಳ ಕೆಲಸ ಕಾಯಂ ಆಗುತ್ತಿತ್ತು. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಮೇಷ್ಟ್ರ ಮನೆಗೆ ಬಂದಳು.

"ಉತ್ತರ ಸರಿ ಇತ್ತಲ್ಲ ಸಾರ್?"

"ಉತ್ತರ ಸರಿ ಇತ್ತು. ನೀನು ಸರಿ ಇರಲಿಲ್ಲ. ಐಸಿನಲ್ಲಿಟ್ಟು ಮಾಡೋ ಪರೀಕ್ಷೆ ಅದು. ಐಸು ಮುಟ್ಟದೇನೆ ಕಿತ್ತಳೆಗೆಂಪು ಬಣ್ಣ ಬಂತು ಅಂತ ಬರೆದಿದ್ದೀಯ. ಎಲ್ಲಿತ್ತು ಬಣ್ಣ? ನಾನು ನಿನ್ನ ಹಿಂದೇನೇ ನಿಂತಿದ್ದೆ. ಟೆಸ್ಟ್‌ಟ್ಯೂಬಲ್ಲಿ ಬಗ್ಗಡ ಇತ್ತು."

ಅವಳು ಅಳಲು ಶುರು ಮಾಡಿದಳು.

"ಅಳಬೇಡ. ನಾಳೆ ನೀನು ಔಷಧಿ ಕೊಡೋಳು. ನೋಡದೆ ನೋಡಿದೆ ಅಂತ ಬರೆಯೋ ಕೈಯಿಂದ ನಾನು ಮಾತ್ರೆ ತಗೊಳ್ಳಲ್ಲ." ಅಷ್ಟು ಹೇಳಿ ಒಳಗೆ ಹೋದವರು ತಿರುಗಿ ಬಂದರು. "ನಾಳೆ ಸಂಜೆ ಅಂಗಡಿ ಮುಗಿಸಿ ಲ್ಯಾಬಿಗೆ ಬಾ. ಮಿಕ್ಕ ಹತ್ತು ಕತ್ತೆಗಳಿಗೂ ಹೇಳು. ತಡ ಮಾಡಿದ್ರೆ ಬಾಗಿಲು ಹಾಕ್ತೀನಿ."

ಒಂದು ವರ್ಷ ಸಂಜೆ ಸಂಜೆ ಲ್ಯಾಬಿನ ದೀಪ ಉರಿಯಿತು, ಬೈಗುಳ ಬೀದಿಗೆ ಕೇಳಿಸಿತು. ಬಾಗಿಲು ಒಂದು ದಿನವೂ ಹಾಕಲಿಲ್ಲ. ಮನೆಗೆ ಬಂದು ಹೆಂಡತಿಯ ಹತ್ತಿರ ಮಾತ್ರ ಹೇಳುತ್ತಿದ್ದರು. "ಕಲೀತಿದ್ದಾರೆ ಕಣೆ. ಈ ಸಲ ಇವರನ್ನ ಪಾಸು ಮಾಡಿಸಿಯೇ ನಾನು ಕೂರೋದು."

*

ಲ್ಯಾಬಿನ ಮೊಗಸಾಲೆಯಲ್ಲಿ ಹನ್ನೊಂದು ಜನರೂ ಬಿಳಿ ಕೋಟು ಹಾಕಿಕೊಂಡು ನಿಂತಿದ್ದರು. ಬೆಂಚು ಖಾಲಿಯಿತ್ತು. ಮಗಳು ಬಂದದ್ದನ್ನು ನೋಡಿ ಔಷಧದಂಗಡಿಯವಳು ಮುಂದೆ ಬಂದಳು.

"ಅಕ್ಕಾ, ನಮಗೋಸ್ಕರ ನೀವು…"

"ನಿಮಗೋಸ್ಕರ ಅಲ್ಲ. ಕೋಟಿನ ಗುಂಡಿ ಹಾಕಿಕೊಳ್ಳಿ."

ಹೊರಗಿನ ಪರೀಕ್ಷಕಿ ತೆಳ್ಳಗಿನ ಹೆಂಗಸು; ಬಿಸಿಲಿಗೆ, ಪ್ರಯಾಣಕ್ಕೆ ಸೋತಿದ್ದರು. ಸಮಾಧಾನದ ಎರಡು ಮಾತು ಹೇಳಿ ನೇರ ಕೆಲಸಕ್ಕೆ ಬಂದರು. "ಪಟ್ಟಿ ಕೊಡಿ. ಯಾವ ಬಾಟಲಿಯಲ್ಲಿ ಏನಿದೆ ಅಂತ."

ಮೇಜಿನ ಮೇಲೆ ಐದು ಕಂದು ಬಾಟಲಿಗಳಿದ್ದವು. ಒಂದಕ್ಕೂ ಚೀಟಿ ಇರಲಿಲ್ಲ. ಕುತ್ತಿಗೆಗಳಿಗೆ ದಾರ ಕಟ್ಟಿತ್ತು. ಹಸಿರು, ಕೆಂಪು, ಹಳದಿ, ನೀಲಿ, ಬಿಳಿ.

"ಪಟ್ಟಿ ಇಲ್ಲ" ಎಂದಳು ಮಗಳು. "ಹೋದ ಸಲ ಪಟ್ಟಿ ಕಳ್ಳತನ ಆಯ್ತು. ಈ ಸಲ ಅಪ್ಪ ಬರೆದೇ ಇಲ್ಲ. ಯಾವ ದಾರ ಯಾವುದು ಅಂತ ತಲೇಲಿ ಇಟ್ಟುಕೊಂಡಿದ್ದರು."

"ಬೀರುವಿನಲ್ಲಿ ದೊಡ್ಡ ಬಾಟಲಿ ಇರುತ್ತಲ್ಲ, ಅದರ ಚೀಟಿ?"

"ಇವೇ ದೊಡ್ಡ ಬಾಟಲಿ. ಚೀಟಿ ಅವರೇ ನೆನೆಸಿ ಕಿತ್ತಿದ್ದಾರೆ."

ಪರೀಕ್ಷಕಿ ಕನ್ನಡಕ ತೆಗೆದರು. "ಇದು ಹುಚ್ಚು."

"ಹೌದು ಮೇಡಂ. ಇನ್ನೂ ಒಂದು ಗಂಟೆ ಇದೆ. ನಾನು ಕಂಡುಹಿಡೀತೀನಿ, ನೀವು ಪಕ್ಕದಲ್ಲಿ ನಿಂತು ನೋಡಿ. ಇಬ್ಬರೂ ಒಪ್ಪಿದ್ದನ್ನ ನೀವು ಬರೆದುಕೊಳ್ಳಿ. ಐದೂ ಆದಮೇಲೆ ಪರೀಕ್ಷೆ ಶುರು ಮಾಡೋಣ."

ಅಪ್ಪನ ಕೋಟು ಗೂಟದಲ್ಲಿತ್ತು. ಅದನ್ನು ಮುಟ್ಟಲಿಲ್ಲ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಪಿರಿಟ್ ದೀಪ ಹಚ್ಚಿದಳು.

ಹಸಿರು ದಾರದ ಬಾಟಲಿಯಿಂದ ಒಂದು ಚಿಟಿಕೆ ತೆಗೆದು ಸೋಡದ ದ್ರಾವಣಕ್ಕೆ ಹಾಕಿದಳು. ಬುಸ್ಸೆಂದು ನೊರೆ ಬಂತು. ಆಸಿಡ್. ಕೆಂಪು ದಾರದ್ದಕ್ಕೆ ಆಸ್ಪತ್ರೆಯ ವಾಸನೆ. ಫೆರಿಕ್ ಕ್ಲೋರೈಡಿನ ಒಂದು ಹನಿಗೆ ಟೆಸ್ಟ್‌ಟ್ಯೂಬು ನೇರಳೆಯಾಯಿತು. ಫೀನಾಲ್. ಹಳದಿಯೂ ನೀಲಿಯೂ ಒಂದೇ ದ್ರಾವಣಕ್ಕೆ ಒಂದೇ ರೀತಿ ಹಳದಿ ಗಸಿ ಕೊಟ್ಟವು. ಆಮೇಲೆ ಬೆಳ್ಳಿಯ ದ್ರಾವಣ ಹಾಕಿ ಬಿಸಿನೀರಿನಲ್ಲಿ ನಿಲ್ಲಿಸಿದಾಗ ಹಳದಿ ದಾರದ್ದು ಮಾತ್ರ ಗಾಜಿನ ಒಳಮೈಗೆ ಕನ್ನಡಿ ಹಿಡಿಸಿತು. ಅದು ಆಲ್ಡಿಹೈಡ್, ಇನ್ನೊಂದು ಕೀಟೋನ್. ಪರೀಕ್ಷಕಿ ಬರೆದುಕೊಂಡರು. ಅವರ ಮುಖದ ಗಂಟು ಸ್ವಲ್ಪ ಸಡಿಲಾಗಿತ್ತು.

ಬಿಳಿ ದಾರದ್ದರಲ್ಲಿ ಬೆಳ್ಳಗಿನ ಪುಡಿ. ಸೋಡಕ್ಕೆ ನೊರೆ ಇಲ್ಲ. ನೇರಳೆ ಇಲ್ಲ. ಗಸಿ ಇಲ್ಲ. ನೀರು ಬೆರೆಸಿದ ಆಸಿಡ್ಡಿನಲ್ಲಿ ಮಾತ್ರ ಸುಮ್ಮನೆ ಕರಗಿತು.

"ಅಮೈನ್ ಇರಬೇಕು" ಎಂದಳು ಮಗಳು. ಬಣ್ಣದ ಪರೀಕ್ಷೆಗೆ ನೈಟ್ರೈಟ್ ಹಾಕಿದಳು, ಬೀಟಾ ನ್ಯಾಫ್ತಾಲಿಗೆ ಸುರಿದಳು. ಕಿತ್ತಳೆಗೆಂಪು ಬರಬೇಕಿದ್ದ ಕಡೆ ಮಾಸಲು ಬಗ್ಗಡ ಬಂತು. ಲ್ಯಾಬಿನ ನೀರು ಬಿಸಿಲಿಗೆ ಕಾದಿತ್ತು, ಫ್ರಿಜ್ಜಿನೊಳಗೆ ಕೈ ಇಟ್ಟರೆ ಅದೂ ಬೆಚ್ಚಗಿತ್ತು.

"ಅಮೈನೇ" ಎಂದರು ಪರೀಕ್ಷಕಿ. "ಆಸಿಡ್ಡಿನಲ್ಲಿ ಕರಗಿತಲ್ಲ. ಬರೆದುಕೊಳ್ತೀನಿ."

"ಬೇಡ ಮೇಡಂ. ಬಣ್ಣ ಬಂದಿಲ್ಲ."

"ಐಸಿಲ್ಲ, ಅದಕ್ಕೆ ಬಂದಿಲ್ಲ. ನಿಮಗೂ ಗೊತ್ತು, ನನಗೂ ಗೊತ್ತು."

"ನಮಗೆ ಗೊತ್ತು. ಈ ಬಾಟಲಿ ಯಾರ ಕೈಗೆ ಬರುತ್ತೋ ಅವರು ಏನು ಬರೀಬೇಕು? ಬರದ ಬಣ್ಣ ಬಂತು ಅಂತ ಬರೀಬೇಕು. ಹೋದ ವರ್ಷ ಹಾಗೆ ಬರೆದಿದ್ದಕ್ಕೇ ಅವರು ಇವತ್ತು ಹೊರಗೆ ನಿಂತಿರೋದು."

"ಹಾಗಾದ್ರೆ ಇದನ್ನ ತೆಗೆದಿಡಿ."

"ಐದೂ ಗುಂಪು ಇರಲೇಬೇಕು ಅಂತ ನಿಯಮ. ನಾಳೆ ಯಾರಾದ್ರೂ ಪ್ರಶ್ನೆ ಎತ್ತಿದ್ರೆ ಪೂರ್ತಿ ಪರೀಕ್ಷೆ ರದ್ದು."

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಪ್ರಿನ್ಸಿಪಾಲರು ತೊದಲಿದರು. "ಐಸು… ಊರಲ್ಲಿ ಎಲ್ಲೂ ಇಲ್ಲಮ್ಮ. ಇದ್ದದ್ದೆಲ್ಲ ನಿನ್ನೆ ರಾತ್ರೀನೇ…"

ಮಗಳು ಮೂಲೆಯಲ್ಲಿದ್ದ ಬಕೆಟ್ ಎತ್ತಿಕೊಂಡಳು.

"ಸಾರ್, ಸ್ಕೂಟರ್ ತೆಗೀರಿ."

*

ಬಕೆಟ್ ಹಿಡಿದು ಒಳಗೆ ಬಂದವಳನ್ನು ನೋಡಿ ನಡುಮನೆಯಲ್ಲಿದ್ದವರು ದಾರಿ ಬಿಟ್ಟರು. ಅಳುತ್ತಾಳೇನೋ ಎಂದುಕೊಂಡಿರಬೇಕು. ಅವಳು ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ವಿಷಯ ಹೇಳಿದಳು. ಮೆಲ್ಲಗೆ ಹೇಳಿದರೂ ದೊಡ್ಡಪ್ಪನಿಗೆ ಕೇಳಿಸಿತು.

"ಏನಂದೆ? ಹೆಣದ ಐಸು ತಗೊಂಡು ಹೋಗ್ತೀಯಾ?"

"ಸ್ವಲ್ಪ ಸಾಕು ದೊಡ್ಡಪ್ಪ."

"ನಿನಗೆ ತಲೆ ಕೆಟ್ಟಿದೆಯಾ? ನನ್ನ ತಂಗಿ ಅಷ್ಟು ದೂರದಿಂದ ಬರ್ತಾ ಇದ್ದಾಳೆ. ಮೂರು ಗಂಟೆಗೆ ಮುಂಚೆ ಬರೋದು ಆಗಲ್ಲ ಅವಳಿಗೆ. ಅಣ್ಣನ ಮುಖ ಒಂದು ಸಲ ನೋಡಬೇಕು ಅಂತ ಬರೋಳಿಗೆ ಏನು ತೋರಿಸ್ತೀಯ? ಈ ಸೆಕೆಯಲ್ಲಿ ಐಸು ತೆಗೆದ್ರೆ…" ತಮ್ಮನ ಮೇಲೆ ಅವರಿಗೆ ಪ್ರೀತಿ ಇತ್ತು. ಬದುಕಿದ್ದಾಗ ಇಬ್ಬರೂ ಎದುರಾದರೆ ಜಗಳವೇ, ಆ ಮಾತು ಬೇರೆ. "ನೀನಾದ್ರೂ ಹೇಳಮ್ಮ ಇವಳಿಗೆ" ಎಂದು ತಮ್ಮನ ಹೆಂಡತಿಯ ಕಡೆ ತಿರುಗಿದರು.

ತಾಯಿ ಗಂಡನ ಮುಖ ನೋಡಿದರು. ಆಮೇಲೆ ಮಂಡಿಗೆ ಕೈ ಊರಿ ಎದ್ದರು.

"ತಲೆ ಹತ್ತಿರದ್ದು ಮುಟ್ಟಬೇಡ. ಎದೆ ಹತ್ತಿರದ್ದೂ ಬೇಡ. ಅತ್ತೆ ಬರೋವರೆಗೂ ಮುಖ ಚೆನ್ನಾಗಿರಬೇಕು. ಕಾಲ ಹತ್ತಿರದ್ದು ತಗೋ."

"ಅಮ್ಮಾ…" ಎಂದರು ದೊಡ್ಡಪ್ಪ.

"ಬದುಕಿದ್ದಿದ್ರೆ ಅವರೇ ಎದ್ದು ಕೊಡ್ತಿದ್ದರು ಭಾವ. ನಮ್ಮನ್ನೆಲ್ಲ ಬೈದುಕೊಂಡು ಕೊಡ್ತಿದ್ದರು. ನಾವು ಬೈಯದೆ ಕೊಡೋಣ."

ತಾಯಿಯೇ ಬಟ್ಟೆಯನ್ನು ಪಾದದಿಂದ ಮೇಲಕ್ಕೆ ಸರಿಸಿ ಹಿಡಿದರು. ಮಗಳು ತಗಡಿನ ತಟ್ಟೆಯಿಂದ ಗಡ್ಡೆ ಎತ್ತಿ ನೆಲಕ್ಕಿಟ್ಟು ಕಬ್ಬಿಣದ ಸರಳಿನಿಂದ ಒಡೆದಳು. ಅಲ್ಲಿಯವರೆಗೂ ಗುಸುಗುಸು ಇದ್ದ ಮನೆಯಲ್ಲಿ ಆ ಏಟು ಜೋರಾಗಿ ಕೇಳಿಸಿತು. ಕೊನೆಯ ಚೂರು ಅಪ್ಪನ ಹಿಮ್ಮಡಿಯ ಕೆಳಗೆ ಅಂಟಿಕೊಂಡಿತ್ತು. ಅದನ್ನು ಬಿಡಿಸುವಾಗ ಪಾದ ಕೈಗೆ ತಗುಲಿತು. ಐಸಿಗೂ ಪಾದಕ್ಕೂ ವ್ಯತ್ಯಾಸ ಗೊತ್ತಾಗಲಿಲ್ಲ. ಅವಳು ಒಂದು ಸಲ ಕಣ್ಣು ಮುಚ್ಚಿ ತೆಗೆದಳು. ಬಕೆಟ್ಟಿನ ಮೇಲೆ ಒದ್ದೆ ಟವೆಲ್ಲು ಮುಚ್ಚಿ ಎದ್ದು ನಿಂತಳು.

ಮೆಟ್ಟಿಲಿಳಿಯುವಾಗ ಬಕೆಟ್ಟಿನ ಹಿಡಿಯ ಇನ್ನೊಂದು ಬದಿಗೆ ಬೇರೆ ಕೈ ಬಿತ್ತು. ದೊಡ್ಡಪ್ಪ.

"ಸ್ಕೂಟರಲ್ಲಿ ಒಬ್ಬಳೇ ಹೆಂಗೆ ಹಿಡ್ಕೋತೀಯ, ಚೆಲ್ಲಿಬಿಡ್ತೀಯ" ಎಂದು ಗದರಿದರು. ಅವಳು ಕೂತ ಮೇಲೆ ಬಕೆಟ್ಟನ್ನು ಮಡಿಲಿಗೆ ಇಟ್ಟು ಒಳಗೆ ಹೋದರು.

*

ಬಣ್ಣ ಬಂತು. ಮೊದಲು ಪರೀಕ್ಷಕಿಯ ಮುಂದೆ, ಬೀಕರಿನ ಐಸಿನಲ್ಲಿ ನಿಂತಿದ್ದ ಟೆಸ್ಟ್‌ಟ್ಯೂಬಿನಲ್ಲಿ. ಮೂರನೇ ಹನಿಗೆ ಇಡೀ ದ್ರಾವಣ ಕಿತ್ತಳೆಗೆಂಪಾಗಿ ಗಟ್ಟಿಯಾಯಿತು. ಪರೀಕ್ಷಕಿ ಅದನ್ನು ಬೆಳಕಿಗೆ ಹಿಡಿದು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು.

"ಶುರು ಮಾಡೋಣ" ಎಂದರು.

ದಾರದ ತುಂಡುಗಳನ್ನು ಡಬ್ಬಿಯಲ್ಲಿ ಹಾಕಿ ಒಬ್ಬೊಬ್ಬರಿಂದ ಎತ್ತಿಸಿದರು. ಔಷಧದಂಗಡಿಯವಳ ಕೈಗೆ ಬಿಳಿ ಬಂತು. ಅವಳು ಅದನ್ನು ನೋಡಿ ತನ್ನ ಜಾಗಕ್ಕೆ ಹೋದಳು. ಇನ್ನಿಬ್ಬರಿಗೂ ಅದೇ ಬಂದಿತ್ತು.

ಮಗಳು ಸಾಲುಗಳ ನಡುವೆ ಓಡಾಡಿದಳು. ಯಾರೂ ಪಕ್ಕಕ್ಕೆ ತಿರುಗಲಿಲ್ಲ, ತಮಗೆ ಸಿಕ್ಕಿದ್ದನ್ನು ಕೆಣಕುತ್ತ ಕಾದರು. ಒಬ್ಬ ಹುಡುಗ ನೊರೆ ಬರಲಿಲ್ಲವೆಂದು ಅಲ್ಲಾಡಿಸಿ ನೋಡಿದ, ಮತ್ತೆ ನೋಡಿದ, "ನೊರೆ ಇಲ್ಲ" ಎಂದು ಬರೆದ. ಔಷಧದಂಗಡಿಯವಳು ಬಕೆಟ್ಟಿನ ಹತ್ತಿರ ಬಂದು ಬೊಗಸೆಯಲ್ಲಿ ಐಸು ತುಂಬಿಕೊಂಡಳು. ಮಿಕ್ಕವರಿಗೆ ಗೊತ್ತಿತ್ತೋ ಇಲ್ಲವೋ, ಊರಲ್ಲೆಲ್ಲೂ ಇಲ್ಲದ ಈ ಐಸು ಎಲ್ಲಿಯದೆಂದು ಅವಳಿಗೆ ಗೊತ್ತಿತ್ತು, ಬೊಗಸೆ ನಡುಗುತ್ತಿತ್ತು.

"ಕೈ ನಡುಗಿದ್ರೆ ಹನಿ ಹೆಚ್ಚು ಬೀಳುತ್ತೆ" ಎಂದಳು ಮಗಳು.

"ಗೊತ್ತಕ್ಕ. ಸಾರ್ ಹೇಳ್ತಿದ್ದರು."

"ಏನಂತ?"

"ನಿನಗೆ ಕೊಟ್ಟಿರೋದು ಕೈಯೋ ಹಸುವಿನ ಬಾಲವೋ ಅಂತ."

ಮಗಳು ನಕ್ಕುಬಿಟ್ಟಳು. ನಿನ್ನೆಯಿಂದ ಬರದೆ ಇದ್ದ ಅಳು ಅದರ ಬೆನ್ನಿಗೇ ಬಂತು. ಕಿಟಕಿಯ ಕಡೆ ಮುಖ ಮಾಡಿ ನಿಂತು ಅದು ಮುಗಿದ ಮೇಲೆ ತಿರುಗಿದಳು. ಅಷ್ಟರಲ್ಲಿ ಔಷಧದಂಗಡಿಯವಳು ತನ್ನ ಜಾಗದಲ್ಲಿ ಹನಿ ಹನಿಯಾಗಿ ಸುರಿಯುತ್ತಿದ್ದಳು. ಟ್ಯೂಬಿನಲ್ಲಿ ಬಣ್ಣ ಎದ್ದಿತು, ಅಂಚಿನಿಂದ ಉಕ್ಕಿ ಬೆರಳಿಗೆಲ್ಲ ಹತ್ತಿತು. ಕೈ ತೊಳೆಯಲು ಹೋಗದೆ, ಮೊದಲು ಕಂಡದ್ದನ್ನು ಬರೆದಳು.

ಹನ್ನೊಂದು ಉತ್ತರ ಪತ್ರಿಕೆಗಳನ್ನೂ ಪರೀಕ್ಷಕಿ ಅಲ್ಲೇ ಕೂತು ತಿದ್ದಿದರು, ಮಗಳು ರುಜು ಹಾಕಿದಳು. ಒಬ್ಬರೂ ಫೇಲಾಗಿರಲಿಲ್ಲ. ಬಾಗಿಲಿಗೆ ಬೀಗ ಹಾಕಿ ಎರಡು ಸಲ ಎಳೆದು ನೋಡಿದಳು.

*

ಅತ್ತೆ ಬಂದು ಅಣ್ಣನ ಮುಖ ನೋಡಿದರು. "ಮಲಗಿದ ಹಾಗೇ ಇದ್ದಾನಲ್ಲೋ" ಎಂದು ದೊಡ್ಡಪ್ಪನ ತೋಳು ಹಿಡಿದು ಅತ್ತರು. ತಲೆಯ ಬಳಿ ಇನ್ನೂ ಐಸಿತ್ತು. ಕಾಲ ಬಳಿ ನೀರು ನಿಂತು ಬಟ್ಟೆ ತೊಯ್ದಿತ್ತು.

ಮಣ್ಣಿನ ಜಾಗಕ್ಕೆ ಹನ್ನೊಂದು ಜನವೂ ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡು ಬಂದಿದ್ದರು. ಪ್ರಿನ್ಸಿಪಾಲರು ನಾಲ್ಕು ಮಾತಾಡಿದರು. ಮೃದು ಸ್ವಭಾವದವರು ಎಂದು ಶುರು ಮಾಡಿ, ಎದುರಿಗೆ ನಿಂತ ಮುಖಗಳನ್ನು ನೋಡಿ ಕೆಮ್ಮಿ, "ತುಂಬಾ ಕೋಪಿಷ್ಠರು" ಎಂದು ತಿದ್ದಿಕೊಂಡರು. "ನನಗೂ ಬೈದಿದ್ದಾರೆ. ಬೈದದ್ದು ಸರಿಯಾಗೇ ಇತ್ತು." ಹನ್ನೊಂದು ಜನರಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಪರೀಕ್ಷಕಿ ಹಿಂದೆ, ಬಸ್ಸಿಗೆ ಹೊತ್ತಾದರೂ ನಿಂತೇ ಇದ್ದರು.

ಗುಂಡಿಗೆ ಇಳಿಸಲು ಎತ್ತಿದಾಗ ಕಾಲ ಕಡೆಯ ಬಟ್ಟೆ ಜಾರಿತು. ಹತ್ತಿರ ಇದ್ದವಳು ಔಷಧದಂಗಡಿಯವಳು. ಅವಳೇ ಬಗ್ಗಿ ಅದನ್ನು ಎಳೆದು ಪಾದದ ಕೆಳಗೆ ಸಿಕ್ಕಿಸಿದಳು.

ಕೈ ತೆಗೆದಾಗ ಒದ್ದೆ ಬಿಳಿ ಬಟ್ಟೆಯ ಮೇಲೆ ಒಂದು ಹೆಬ್ಬೆರಳು, ಎರಡು ಬೆರಳು, ಕಿತ್ತಳೆಗೆಂಪಾಗಿ ಉಳಿದವು. ಅವಳು ಬೆಚ್ಚಿ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ದೊಡ್ಡಪ್ಪ ಬಗ್ಗಿ ಆ ಅಂಚನ್ನು ಒಳಕ್ಕೆ ಮಡಿಸಲು ಹೋದರು.

"ಇರಲಿ ಬಿಡಿ, ಭಾವ" ಎಂದರು ತಾಯಿ.

ಹಗ್ಗ ಸಡಿಲಿಸಿದರು. ಮೊದಲ ಹಿಡಿ ಮಣ್ಣು ತಾಯಿಯದು, ಎರಡನೆಯದು ಮಗಳದು. ಎರಡೂ ಎದೆಯ ಕಡೆ ಬಿದ್ದವು. ಮಿಕ್ಕವರೂ ಅಲ್ಲಿಗೇ ಹಾಕಿದರು. ಕಾಲ ಬಳಿ ಬಟ್ಟೆ ಇನ್ನೂ ಬಿಳಿಯಾಗಿತ್ತು, ಅದರ ಮೇಲೆ ಆ ಬಣ್ಣ ನೀರಿಗೆ ಸ್ವಲ್ಪ ಹರಡಿ ಮೇಲೆ ನಿಂತವರಿಗೂ ಕಾಣುತ್ತಿತ್ತು.